ಬ್ಲಾಕ್ ತೆಗೆದ ಮೇಲೂ ಪಂಪಿಂಗ್ ಯಾಕೆ ಕಡಿಮೆ?

"ಬ್ಲಾಕ್ ತೆಗೆದ್ರಲ್ಲ ಡಾಕ್ಟ್ರೇ, ಮತ್ತೆ ಪಂಪಿಂಗ್ ಯಾಕೆ ಕಡಿಮೆ ಅಂತ ಬಂದಿದೆ?"

ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ ಮಾರನೇ ದಿನ, ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಕೈಯಲ್ಲಿ ಹಿಡಿದು ಮನೆಯವರು ಕೇಳುವ ಪ್ರಶ್ನೆ ಇದು. ಉತ್ತರದ ಒಂದು ಭಾಗ ಸುಲಭ. ರಕ್ತ ಸಿಗದ ಹೊತ್ತಿನಲ್ಲೇ ಒಂದಷ್ಟು ಸ್ನಾಯು ಸತ್ತಿರುತ್ತದೆ, ಇನ್ನೊಂದಷ್ಟು ಜೀವ ಇದ್ದರೂ ಮಂಕು ಬಡಿದಂತೆ ಸುಮ್ನೆ ಕೂತಿರುತ್ತದೆ. ಇನ್ನೊಂದು ಭಾಗ ಹೇಳುವಾಗ ಮಾತ್ರ ನಾನು ಸ್ವಲ್ಪ ತಡವರಿಸುತ್ತೇನೆ: ನಾವೇ ವಾಪಸ್ ತಂದ ರಕ್ತದಿಂದಲೂ ಪೆಟ್ಟು ಬಿದ್ದಿರುತ್ತದೆ. ಇದನ್ನು ರೀಪರ್ಫ್ಯೂಷನ್ ಇಂಜುರಿ ಅನ್ನುತ್ತೇವೆ.

ಹೊಸ ವಿಷಯವೇನಲ್ಲ. ರಾಬರ್ಟ್ ಜೆನ್ನಿಂಗ್ಸ್ ಮತ್ತು ಜೊತೆಗಾರರು 1960ರಲ್ಲೇ ನಾಯಿಗಳ ಹೃದಯದಲ್ಲಿ ಇದನ್ನು ಕಂಡಿದ್ದರು. ರಕ್ತನಾಳವನ್ನು ಕಟ್ಟಿಯೇ ಬಿಟ್ಟರೆ 24 ಗಂಟೆ ಕಳೆದ ಮೇಲೆ ಕಾಣುವಷ್ಟು ಹಾನಿ, ಕಟ್ಟಿ ಬಿಚ್ಚಿದರೆ ಒಂದು ಗಂಟೆಯೊಳಗೇ ಕಾಣುತ್ತಿತ್ತು.

ಆಗುವುದೇನು ಅಂದ್ರೆ, ಆಕ್ಸಿಜನ್ ನಿಂತಾಗ ಜೀವಕೋಶದ ಶಕ್ತಿ ಖಾಲಿಯಾಗಿ ಒಳಗೆ ಆಸಿಡ್ ತುಂಬುತ್ತದೆ. ವಿಚಿತ್ರ ಅನಿಸಬಹುದು, ಆ ಆಸಿಡ್ ಒಂದು ಲೆಕ್ಕದಲ್ಲಿ ಕಾವಲುಗಾರ. ಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದಲ್ಲಿ ತೆರೆಯಬಾರದ ಒಂದು ರಂಧ್ರ ಇದೆ, ಅದನ್ನು ಮುಚ್ಚಿ ಹಿಡಿದಿರುವುದು ಇದೇ. ರಕ್ತ ನುಗ್ಗಿದ ಕೆಲವೇ ನಿಮಿಷಗಳಲ್ಲಿ ಆಸಿಡ್ ತೊಳೆದುಹೋಗುತ್ತದೆ, ಕೋಶದೊಳಗೆ ಕ್ಯಾಲ್ಸಿಯಂ ಜಾಸ್ತಿಯಾಗುತ್ತದೆ, ಅಷ್ಟು ಹೊತ್ತು ಜಮೆಯಾಗಿದ್ದ ಸಕ್ಸಿನೇಟ್ ಅನ್ನುವ ರಾಸಾಯನಿಕ ಒಮ್ಮೆಲೇ ಉರಿದು, ಕೋಶಕ್ಕೆ ಹಾನಿ ಮಾಡುವ ಫ್ರೀ ರಾಡಿಕಲ್‌ಗಳು ಸಿಡಿಯುತ್ತವೆ (ಈ ಸಕ್ಸಿನೇಟ್ ಸಂಗತಿ ಸ್ಪಷ್ಟವಾಗಿದ್ದು 2014ರಲ್ಲಿ), ರಂಧ್ರ ತೆರೆದುಕೊಳ್ಳುತ್ತದೆ, ಕೋಶ ಒಡೆಯುತ್ತದೆ. ಮಾನಿಟರ್‌ನಲ್ಲಿ ತಾಳ ತಪ್ಪಿದ ಬಡಿತಗಳು ಕಾಣುವುದೂ ಇದೇ ಹೊತ್ತಿಗೆ.

ಉರಿಯೂತ ಶುರುವಾಗುವುದು ಆಮೇಲೆ. ಒಡೆದ ಕೋಶಗಳಿಂದ ಚೆಲ್ಲಿದ ವಸ್ತುಗಳ ಸುಳಿವು ಹಿಡಿದು ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಬರುತ್ತವೆ. ಸೋಂಕೇ ಇಲ್ಲ, ಆದರೂ ಸೋಂಕು ಬಂದಂತೆಯೇ ಯುದ್ಧ. ಸಣ್ಣ ನಾಳಗಳ ಗೋಡೆ ಊದಿಕೊಳ್ಳುತ್ತದೆ, ಈ ಕಣಗಳು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಹಾಗಾಗಿಯೇ ಕೆಲವರಲ್ಲಿ ಆಂಜಿಯೋಗ್ರಾಂನಲ್ಲಿ ದೊಡ್ಡ ನಾಳ ಚೆನ್ನಾಗಿ ತೆರೆದಿದ್ದರೂ ಡೈ ಮುಂದೆ ಸಾಗುವುದೇ ಇಲ್ಲ. ಇದಕ್ಕೆ ನೋ ರಿಫ್ಲೋ ಅಂತ ಹೆಸರು. ನಾನು ನಿಜವಾಗಿ ಹೆದರುವುದು ಬ್ಲಾಕ್‌ಗಲ್ಲ, ಇದಕ್ಕೆ.

ಹಾಗಾದ್ರೆ ಉರಿಯೂತಕ್ಕೇ ಔಷಧ ಕೊಟ್ಟರಾಯ್ತು, ಅಲ್ವಾ? ಕೊಟ್ಟು ನೋಡಿದ್ದಾರೆ. ಉರಿಯೂತಕ್ಕೆ ಕುಮ್ಮಕ್ಕು ಕೊಡುವ ಕಾಂಪ್ಲಿಮೆಂಟ್ ಅನ್ನುವ ರಕ್ತದ ಪ್ರೋಟೀನನ್ನು ತಡೆಯುವ ಪೆಕ್ಸೆಲಿಜುಮ್ಯಾಬ್ ಔಷಧವನ್ನು 5,745 ರೋಗಿಗಳಲ್ಲಿ ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಲಾಭ ಸಿಗಲಿಲ್ಲ. ಮೈಟೊಕಾಂಡ್ರಿಯಾದ ಆ ರಂಧ್ರವನ್ನು ಮುಚ್ಚುವ ಸೈಕ್ಲೋಸ್ಪೋರಿನ್ ಔಷಧ 2008ರಲ್ಲಿ 58 ರೋಗಿಗಳ ಪುಟ್ಟ ಅಧ್ಯಯನದಲ್ಲಿ ಆಸೆ ಹುಟ್ಟಿಸಿತು, 2015ರಲ್ಲಿ 970 ರೋಗಿಗಳಲ್ಲಿ ನೋಡಿದಾಗ ಕೈಕೊಟ್ಟಿತು. ಹೃದಯಕ್ಕೆ ರಕ್ಷಣೆ ಸಿಗಲಿ ಅಂತ ತೋಳಿಗೆ ಬಿಪಿ ಪಟ್ಟಿ ಕಟ್ಟಿ ಮತ್ತೆ ಮತ್ತೆ ಬಿಗಿದು ಸಡಿಲಿಸುವ ಉಪಾಯವೂ 2019ರಲ್ಲಿ 5,000ಕ್ಕೂ ಹೆಚ್ಚು ರೋಗಿಗಳಲ್ಲಿ ಸೋತಿತು.

ಪ್ರಾಣಿಗಳಲ್ಲಿ ಗೆದ್ದಿದ್ದು ನಮ್ಮಲ್ಲಿ ಯಾಕೆ ಸೋಲುತ್ತದೆ? ಲ್ಯಾಬಿನ ಇಲಿಗೆ ವಯಸ್ಸಾಗಿಲ್ಲ, ಶುಗರ್ ಇಲ್ಲ, ಹತ್ತು ಮಾತ್ರೆ ನುಂಗುತ್ತಿಲ್ಲ, ನಾಳ ಕಟ್ಟಿದ್ದು ಎಷ್ಟು ಹೊತ್ತಿಗೆ ಅನ್ನುವುದು ನಿಮಿಷದ ಲೆಕ್ಕದಲ್ಲಿ ಗೊತ್ತು. ನಮ್ಮ ರೋಗಿ ಬರುವುದು ಎದೆನೋವು ಶುರುವಾಗಿ ನಾಲ್ಕೋ ಆರೋ ಗಂಟೆಗೆ. ಜೊತೆಗೆ, ನನ್ನ ಪ್ರಕಾರ ಇದೇ ಮುಖ್ಯ, ಉರಿಯೂತ ಬರೀ ಶತ್ರು ಅಲ್ಲ. ಸತ್ತ ಸ್ನಾಯುವನ್ನು ಗುಡಿಸಿ, ಗಾಯದ ಗಟ್ಟಿ ಕಲೆ ಕಟ್ಟಿಸುವುದೂ ಅದೇ. 2017ರ ಒಂದು ಪ್ರಯೋಗದಲ್ಲಿ ಇಲಿಗಳ ನ್ಯೂಟ್ರೋಫಿಲ್‌ಗಳನ್ನು ತೆಗೆದುಹಾಕಿದಾಗ ಹೃದಯದ ಕೆಲಸ ಇನ್ನಷ್ಟು ಕೆಟ್ಟಿತು. ಹಾಗಾಗಿ ಪೂರ್ತಿ ಅದುಮುವುದು ದಡ್ಡತನ. ಯಾವುದನ್ನು, ಯಾವ ಗಂಟೆಯಲ್ಲಿ, ಎಷ್ಟು ಹೊತ್ತು ತಡೆಯಬೇಕು ಅನ್ನುವುದೇ ಈಗಿನ ಹುಡುಕಾಟ.

ಇದನ್ನೆಲ್ಲ ಕೇಳಿದ ಒಬ್ಬರು "ಹಾಗಾದ್ರೆ ನಾಳ ತೆರೆಯದೇ ಇದ್ದಿದ್ರೆ?" ಅಂದರು. ತೆರೆಯದಿದ್ದರೆ ಆ ನಾಳದ ಪಾಲಿನ ಸ್ನಾಯು ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ತೆರೆದರೆ ಆಗುವ ಪೆಟ್ಟು ಉಳಿಸಿಕೊಂಡಿದ್ದರಲ್ಲಿ ಒಂದು ಪಾಲು ಅಷ್ಟೇ. ಮೊದಲ ದಿನದ ಎಕೋ ನೋಡಿ ಗಾಬರಿ ಬೇಡ ಅಂದೆ, ಮಂಕಾಗಿ ಕೂತ ಸ್ನಾಯು ಏಳಲು ವಾರಗಳು ಬೇಕು. ಆರು ವಾರ ಬಿಟ್ಟು ಇನ್ನೊಂದು ಎಕೋ ಮಾಡಿಸಲು ಬರೆದುಕೊಟ್ಟೆ.