ಸೀಳು ಬಿಟ್ಟ ಮೊಟ್ಟೆ, ಆತುರದ ಕತ್ತರಿ

ಪಶು ಆಸ್ಪತ್ರೆಗೆ ಎಮ್ಮೆ, ಆಡು, ನಾಯಿ ಕರೆತಂದವರ ಸಾಲಿನಲ್ಲಿ ಈಚೆಗೆ ಬಾಲ್ ಪೈಥಾನ್ ಸಾಕಿದವರೂ ಬಂದು ಕೂರುತ್ತಿದ್ದಾರೆ. ಇದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಗಿಡ್ಡ ಹೆಬ್ಬಾವು. ನಮ್ಮ ನೆಲದ ಹೆಬ್ಬಾವು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಅದನ್ನು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಬಾಲ್ ಪೈಥಾನ್‌ಗಾದರೆ 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಆಗಬೇಕು, ಮರಿ ಹುಟ್ಟಿದರೂ ತಿಳಿಸಬೇಕು. ಕಾಗದಪತ್ರ ಸರಿಯಿದ್ದವರ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಡಾಕ್ಟರೇ, ಮರಿ ಹೊರಗೆ ಬರುತ್ತಿಲ್ಲ, ಎಳೆಯಲೇ?’

ಎಳೆಯಬೇಡಿ. ಆದರೆ ಅದಕ್ಕೂ ಹಿಂದಿನದನ್ನು ಮೊದಲು ಹೇಳಬೇಕು. ಹೊರಬರಲು ಸೋಲುವ ಮರಿಗಳಲ್ಲಿ ಎಷ್ಟೋ ಮರಿಗಳು ಕಾವಿನ ಪೆಟ್ಟಿಗೆಯಲ್ಲೇ ಬಲಗುಂದಿರುತ್ತವೆ.

ಈ ಮೊಟ್ಟೆಗಳಿಗೆ 31ರಿಂದ 32 ಡಿಗ್ರಿ ಸೆಲ್ಸಿಯಸ್ ಶಾಖ, ಸುಮಾರು 55ರಿಂದ 60 ದಿನ ಬೇಕು. ಶಾಖ 35ರ ಹತ್ತಿರ ಹೋದರೆ ಬೆನ್ನೆಲುಬು ಸೊಟ್ಟಗಾದ ಮರಿಗಳು ಹುಟ್ಟುತ್ತವೆ, ಇಲ್ಲವೇ ಒಳಗೇ ಸಾಯುತ್ತವೆ. ಪುಸ್ತಕಗಳೆಲ್ಲ ಶಾಖ ಕೊಡುವ ಉಪಾಯ ಹೇಳುತ್ತವೆ. ಕಲಬುರಗಿಯ ಏಪ್ರಿಲ್‌, ಮೇ ತಿಂಗಳಲ್ಲಿ ಶಾಖಕ್ಕೇನು ಬರ? ಹೊರಗೆ 40 ದಾಟಿರುತ್ತದೆ. ಥರ್ಮೋಸ್ಟಾಟ್ ಹೀಟರನ್ನು ಆರಿಸಬಲ್ಲದೇ ಹೊರತು ಕೋಣೆಯನ್ನು ತಂಪು ಮಾಡಲಾರದು. ಹಾಗಾಗಿ ಪೆಟ್ಟಿಗೆಯನ್ನು ಮಾಳಿಗೆಯ ಕೋಣೆಯಲ್ಲಿ ಇಡಬೇಡಿ. ಕೆಳಮನೆಯಲ್ಲಿ, ದಪ್ಪ ಕಲ್ಲಿನ ಗೋಡೆಯ, ಶಹಾಬಾದ್ ಕಲ್ಲು ಹಾಸಿದ ಕೋಣೆಯಿದ್ದರೆ ಅಲ್ಲಿಡಿ. ಕರೆಂಟ್ ಹೋದಾಗಲೂ ಅಲ್ಲಿ ಶಾಖ ಏರುವುದು ನಿಧಾನ.

ಕೆಲವರು ಕೋಳಿಮೊಟ್ಟೆಯ ಯಂತ್ರವನ್ನೇ ತಂದಿಡುತ್ತಾರೆ. ಅದರ ಹೊರಳಿಸುವ ತಟ್ಟೆಯನ್ನು ಮೊದಲು ತೆಗೆದುಹಾಕಿ. ಕೋಳಿಮೊಟ್ಟೆಯನ್ನು ಹೊರಳಿಸಲೇಬೇಕು, ಹಾವಿನ ಮೊಟ್ಟೆಯನ್ನು ಹೊರಳಿಸಲೇಬಾರದು. ಇಟ್ಟ ಒಂದೆರಡು ದಿನದೊಳಗೆ ಭ್ರೂಣ ಮೇಲ್ಭಾಗದ ಚಿಪ್ಪಿಗೆ ಅಂಟಿಕೊಳ್ಳುತ್ತದೆ; ಆಮೇಲೆ ತಲೆಕೆಳಗಾದರೆ ಉಳಿಯುವುದು ಕಷ್ಟ. ಪೆನ್ಸಿಲ್‌ನಿಂದ ಮೇಲ್ಭಾಗಕ್ಕೆ ಗುರುತು ಮಾಡಿ. ಒಂದಕ್ಕೊಂದು ಅಂಟಿದ ಮೊಟ್ಟೆಗಳನ್ನು ಬಿಡಿಸಲು ಹೋಗಬೇಡಿ. ಪೆಟ್ಟಿಗೆಯೊಳಗಿನ ಗಾಳಿಯ ತೇವ ಶೇಕಡಾ ನೂರರ ಸಮೀಪ ಇರಲಿ, ಆದರೆ ಮುಚ್ಚಳದ ಹನಿ ಮೊಟ್ಟೆಯ ಮೇಲೆ ಬೀಳದಿರಲಿ. ಮೊದಲ ವಾರಗಳಲ್ಲೇ ಮೊಟ್ಟೆ ಗುಳಿ ಬಿದ್ದರೆ ತೇವ ಸಾಲದು ಎಂದರ್ಥ. ಕೊನೆಯ ದಿನಗಳ ಗುಳಿ ಸಹಜ.

ಇನ್ನು ಆ ಗಳಿಗೆ. ಮೂತಿಯ ತುದಿಯ ಮೊಟ್ಟೆಹಲ್ಲಿನಿಂದ ಮರಿ ತೊಗಲಿನಂಥ ಚಿಪ್ಪನ್ನು ಗೀರುತ್ತದೆ. ಸೀಳಿನಿಂದ ಲೋಳೆ ಒಸರುತ್ತದೆ, ಮೂಗಿನ ತುದಿ ಕಾಣುತ್ತದೆ. ಅಷ್ಟಕ್ಕೇ ನಿಂತು, ಒಂದು ದಿನ, ಕೆಲವೊಮ್ಮೆ ಎರಡು ದಿನ ಹಾಗೆಯೇ ಮಲಗಿರುತ್ತದೆ. ಸಾಕಿದವರ ಜೀವ ಬಾಯಿಗೆ ಬರುವುದು ಇಲ್ಲೇ. ಮರಿಗೆ ಮಾತ್ರ ಅವಸರವಿಲ್ಲ: ಅದು ಉಸಿರಾಡಲು ಕಲಿಯುತ್ತಾ, ಮೊಟ್ಟೆಯಲ್ಲಿ ಉಳಿದ ಹಳದಿ ಲೋಳೆಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಈಗ ಎಳೆದರೆ ಹಳದಿಚೀಲ ಹರಿಯಬಹುದು, ರಕ್ತನಾಳ ಕಿತ್ತುಬರಬಹುದು.

ಸಹಾಯ ಬೇಕಾಗುವುದು ಒಡಹುಟ್ಟುಗಳು ಸೀಳಿ ಎರಡು ದಿನವಾದರೂ ಒಂದು ಮೊಟ್ಟೆ ಮಾತ್ರ ಸುಮ್ಮನಿದ್ದಾಗ. ಕತ್ತಲಲ್ಲಿ ಟಾರ್ಚ್ ಹಿಡಿದರೆ ರಕ್ತನಾಳಗಳು ಕೆಂಪು ಗೆರೆಗಳಾಗಿ ಕಾಣುತ್ತವೆ; ಅವುಗಳಿಲ್ಲದ ಕಡೆ, ಮೇಲ್ಭಾಗದಲ್ಲೇ, ಮೊಂಡು ತುದಿಯ ಸಣ್ಣ ಕತ್ತರಿಯಿಂದ ಕಡಲೆಕಾಳಿನಷ್ಟು ಕಿಂಡಿ ಮಾಡಿ. ಕತ್ತರಿಯ ತುದಿ ಚಿಪ್ಪಿನ ಅಡಿಯಲ್ಲೇ ಸರಿಯಲಿ, ಆಳಕ್ಕೆ ಇಳಿಯದಿರಲಿ. ರಕ್ತ ಕಂಡರೆ ಅಲ್ಲಿಗೇ ನಿಲ್ಲಿಸಿ. ಮೂಗಿನ ಮೇಲೆ ಲೋಳೆ ಒಣಗಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲನೆ ಒರೆಸಿ. ಆಮೇಲೆ ಪೆಟ್ಟಿಗೆ ಮುಚ್ಚಿಬಿಡಿ. ಗಂಟೆಗೊಮ್ಮೆ ತೆರೆದು ನೋಡಿದರೆ ತೇವವೆಲ್ಲ ಹೋಗುತ್ತದೆ.

ಹಳದಿಚೀಲ ಹೊಟ್ಟೆಗೆ ಅಂಟಿಕೊಂಡೇ ಹೊರಬಂದ ಮರಿಗೆ ಕತ್ತರಿ ತೋರಿಸಲೇಬೇಡಿ. ಚಿಕ್ಕ ಡಬ್ಬಿಯಲ್ಲಿ ಒದ್ದೆ ಟಿಶ್ಯೂ ಕಾಗದ ಹಾಸಿ, ಹೊರಳಾಡಲು ಜಾಗವಿಲ್ಲದಂತೆ ಇರಿಸಿ, ಅದೇ ಶಾಖದಲ್ಲಿ ಬಿಡಿ. ಮಣ್ಣು, ಮರದ ಪುಡಿ ಬೇಡ, ಚೀಲಕ್ಕೆ ಮೆತ್ತಿಕೊಳ್ಳುತ್ತವೆ. ಸಾಮಾನ್ಯವಾಗಿ ಚೀಲ ಒಳಸೇರುತ್ತದೆ, ಇಲ್ಲವೇ ಒಣಗಿ ಉದುರುತ್ತದೆ. ಕೆಟ್ಟ ವಾಸನೆ ಬಂದರೆ, ಬಣ್ಣ ಕಪ್ಪಾದರೆ ಪಶುವೈದ್ಯರ ಬಳಿ ಒಯ್ಯಿರಿ.

ವಾರ, ಹತ್ತು ದಿನಕ್ಕೆ ಮೊದಲ ಪೊರೆ ಬಿಡುತ್ತದೆ. ಅಲ್ಲಿಯವರೆಗೆ ನೀರಿನ ಬಟ್ಟಲೊಂದು ಸಾಕು. ಇಲಿಮರಿ ತೋರಿಸಿದರೂ ತಿನ್ನದಿದ್ದರೆ ಗಾಬರಿಯಾಗಬೇಡಿ, ಹೊಟ್ಟೆಯಲ್ಲಿ ಹಳದಿ ಇನ್ನೂ ಇದೆ.