ಆಡುತ್ತಾಡುತ್ತ ಮೃದುವಾಗುವ ಗ್ರಹ

ಬದುಕುಳಿಯುವುದೇ ಗುರಿಯಾದ ವಿಡಿಯೋ ಗೇಮ್‌ಗಳಲ್ಲಿ ಆಟ ಮುಂದುವರಿದಂತೆ ಅಪಾಯವೂ ಏರುತ್ತ ಹೋಗುವುದು ವಾಡಿಕೆ: ಶತ್ರುಗಳು ಹೆಚ್ಚುತ್ತಾರೆ, ಸಾಮಗ್ರಿ ಸಾಲದಾಗುತ್ತದೆ, ಒಂದು ತಪ್ಪಿಗೆ ಗಂಟೆಗಟ್ಟಲೆಯ ಶ್ರಮ ಮಣ್ಣುಪಾಲಾಗುತ್ತದೆ. ಫ್ರಾನ್ಸಿನ ಮಿಜು ಗೇಮ್ಸ್ ಎಂಬ ಪುಟ್ಟ ಸಂಸ್ಥೆ ರೂಪಿಸಿ, 2024ರ ಏಪ್ರಿಲ್‌ನಲ್ಲಿ ಪೂರ್ಣರೂಪದಲ್ಲಿ ಹೊರತಂದ ‘ದಿ ಪ್ಲಾನೆಟ್ ಕ್ರಾಫ್ಟರ್’ ಇದಕ್ಕೆ ತದ್ವಿರುದ್ಧವಾದ ದಾರಿ ಹಿಡಿದಿದೆ. ಇಲ್ಲಿ ಹೊಡೆದುರುಳಿಸಬೇಕಾದ ವೈರಿಯೇ ಇಲ್ಲ. ಬರಡು ಗ್ರಹವೊಂದನ್ನು ಭೂಮಿಯಂತೆ ವಾಸಯೋಗ್ಯಗೊಳಿಸುವುದು, ಅಂದರೆ ಟೆರಾಫಾರ್ಮಿಂಗ್, ಇಲ್ಲಿನ ಕೆಲಸ. ಆಟಗಾರ ಶಿಕ್ಷೆಗೊಳಗಾದ ಕೈದಿ ಎಂಬ ಕಥೆಯೊಂದು ಹಿನ್ನೆಲೆಯಲ್ಲಿದೆಯಾದರೂ ಅದು ನೆಪಮಾತ್ರದ್ದು. ಅಪಾಯ ಅತಿ ಹೆಚ್ಚಿರುವುದು ಮೊದಮೊದಲಿಗೆ. ಆಮೇಲೆ ಅದು ಇಳಿಯುತ್ತಲೇ ಹೋಗುತ್ತದೆ, ಇಳಿಸುವವನೂ ಆಟಗಾರನೇ. ಇಂಥ ಆಟಗಳ ಸೆಳೆತಕ್ಕೆ ಇದೇ ಮುಖ್ಯ ಕಾರಣ ಎಂಬುದು ನನ್ನ ಅಭಿಪ್ರಾಯ.

ಆರಂಭದಲ್ಲಿ ಕೈಯಲ್ಲಿರುವ ಆಮ್ಲಜನಕ ಎಷ್ಟು ಕಡಿಮೆಯೆಂದರೆ, ಕಬ್ಬಿಣದ ಅದಿರನ್ನೋ ಮಂಜುಗಡ್ಡೆಯನ್ನೋ ಆಯ್ದುಕೊಳ್ಳಲು ನಾಲ್ಕು ಹೆಜ್ಜೆ ದೂರ ಹೋದವರು ಎಚ್ಚರಿಕೆಯ ಸದ್ದು ಕೇಳುತ್ತಲೇ ತಾವು ಬಂದಿಳಿದ ನೌಕೆಗೆ ಓಡಿ ಬರಬೇಕಾಗುತ್ತದೆ. ಕ್ರಮೇಣ ನೆಲ ಕೊರೆದು ಒತ್ತಡ ಹೆಚ್ಚಿಸುವ ಯಂತ್ರ, ಶಾಖ ಹೊಮ್ಮಿಸುವ ಯಂತ್ರ, ಗಾಜಿನ ಕೊಳವೆಯಲ್ಲಿ ಗಿಡ ಬೆಳೆಸಿ ಆಮ್ಲಜನಕ ಕೊಡುವ ಸಾಧನ ಒಂದೊಂದಾಗಿ ನೆಲೆಗೊಳ್ಳುತ್ತವೆ. ಇವಕ್ಕೆ ಮೊದಲು ವಿದ್ಯುತ್ ಒದಗಿಸುವುದು ಗಾಳಿಯಂತ್ರ. ಗಾಳಿಯೇ ಇಲ್ಲದಂಥ ಗ್ರಹದಲ್ಲಿ ಅದು ಹೇಗೆ ತಿರುಗುತ್ತದೆ ಎಂಬ ಪ್ರಶ್ನೆಯನ್ನು ಭೌತವಿಜ್ಞಾನ ಓದಿದವರು ನುಂಗಿಕೊಳ್ಳಬೇಕು. ಒಮ್ಮೆ ಇಟ್ಟ ಯಂತ್ರ ತನ್ನ ಪಾಡಿಗೆ ದುಡಿಯುತ್ತಿರುತ್ತದೆ, ಆಟಗಾರ ಸುಮ್ಮನೆ ಅಡ್ಡಾಡುತ್ತಿದ್ದರೂ ಗ್ರಹ ಎಷ್ಟು ಬದಲಾಗಿದೆ ಎಂದು ತೋರಿಸುವ ಅಂಕಿ ಏರುತ್ತಿರುತ್ತದೆ. ಹೀಗಿರುವಾಗ ಒಂದು ಹಂತದಲ್ಲಿ ತಲೆಯೆತ್ತಿದರೆ, ಕಿತ್ತಳೆ ಛಾಯೆಯ ಆಕಾಶ ನೀಲಿಗೆ ತಿರುಗಿರುತ್ತದೆ.

ಇದರ ನಂತರದ ಹಂತಗಳ ಕ್ರಮದಲ್ಲಿ ಒಳ್ಳೆಯ ವಿಜ್ಞಾನವಿದೆ. ಮೋಡ, ಮಳೆ, ಕೆರೆ, ಪಾಚಿ, ಗಿಡಮರ, ಕೀಟ ಎಂಬ ಸಾಲಿನಲ್ಲಿ ನೀರಿಗಿಂತ ಮೊದಲು ಒತ್ತಡ ಮತ್ತು ಶಾಖ ಏಕೆ ಬೇಕು ಎಂಬುದಕ್ಕೆ ಮಂಗಳ ಗ್ರಹವೇ ಉತ್ತರ. ಅಲ್ಲಿನ ವಾಯುವಿನ ಒತ್ತಡ ಸರಾಸರಿ 6 ಮಿಲಿಬಾರ್‌ನ ಆಸುಪಾಸಿನಲ್ಲಿದೆ. ನಮ್ಮ ಸಮುದ್ರಮಟ್ಟದಲ್ಲಿ ಅದು 1013. ಅಷ್ಟು ಕಡಿಮೆ ಒತ್ತಡದಲ್ಲಿ, ಬಿಸಿಲು ತಾಗಿದ ಮಂಜುಗಡ್ಡೆ ನೀರಾಗುವ ಬದಲು ಸಾಮಾನ್ಯವಾಗಿ ನೇರವಾಗಿ ಆವಿಯಾಗಿಬಿಡುತ್ತದೆ. ಸಾಕಷ್ಟು ದಟ್ಟವಾದ ವಾಯು ಇಲ್ಲದೆ ಆಕಾಶಕ್ಕೆ ನೀಲಿಯೂ ಬರುವುದಿಲ್ಲ. ಮಂಗಳದ ಹಗಲಿನ ಆಕಾಶ ಧೂಳಿನಿಂದಾಗಿ ಕಂದುಹಳದಿಯಾಗಿ ಕಾಣುತ್ತದೆ.

ಆಟ ಹೇಳುವ ದೊಡ್ಡ ಸುಳ್ಳುಗಳು ಎರಡು. ಮೊದಲನೆಯದು ಕಾಲದ್ದು. ಭೂಮಿಯ ವಾಯುಮಂಡಲದಲ್ಲಿ ಆಮ್ಲಜನಕ ಗಣನೀಯವಾಗಿ ಸೇರತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಅದನ್ನು ಹೊರಬಿಟ್ಟ ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳು ಅಷ್ಟರಲ್ಲಿ ಬಹುಕಾಲ ದುಡಿದಿರಬೇಕು, ಏಕೆಂದರೆ ಸಮುದ್ರದಲ್ಲಿ ಕರಗಿದ್ದ ಕಬ್ಬಿಣವೇ ಮೊದಲಿಗೆ ಅದನ್ನು ಹೀರಿಕೊಳ್ಳುತ್ತಿತ್ತು. ಯಂತ್ರದ ವೇಗವೂ ದೊಡ್ಡದೇನಲ್ಲ: ನಾಸಾದ ಪರ್ಸಿವರೆನ್ಸ್ ರೋವರ್‌ನಲ್ಲಿದ್ದ ಮಾಕ್ಸಿ ಉಪಕರಣ 2021ರಿಂದ 2023ರವರೆಗೆ 16 ಬಾರಿ ಚಾಲೂ ಆಗಿ, ಮಂಗಳದ ಇಂಗಾಲದ ಡೈಆಕ್ಸೈಡ್‌ನಿಂದ ತಯಾರಿಸಿದ ಆಮ್ಲಜನಕ ಒಟ್ಟು 122 ಗ್ರಾಂ. ಎರಡನೆಯ ಸುಳ್ಳು ನೆಲ ಕೊರೆಯುವ ಯಂತ್ರದ್ದು, ಅಂದರೆ ಕೊರೆದಷ್ಟೂ ಅನಿಲ ಸಿಗುತ್ತದೆ ಎಂಬುದು. ಮಂಗಳ ತನ್ನ ಕಾಂತಕ್ಷೇತ್ರವನ್ನು ಕಳೆದುಕೊಂಡ ಮೇಲೆ ಸೌರಮಾರುತ, ಅಂದರೆ ಸೂರ್ಯನಿಂದ ಹೊಮ್ಮುವ ಕಣಗಳ ಪ್ರವಾಹ, ಅದರ ವಾಯುವಿನ ಬಹುಭಾಗವನ್ನು ಬಾಹ್ಯಾಕಾಶಕ್ಕೆ ಹೊತ್ತೊಯ್ದಿದೆ. ಗ್ರಹವಿಜ್ಞಾನಿಗಳಾದ ಬ್ರೂಸ್ ಜಾಕೋಸ್ಕಿ ಮತ್ತು ಕ್ರಿಸ್ಟೋಫರ್ ಎಡ್ವರ್ಡ್ಸ್ 2018ರಲ್ಲಿ ಲೆಕ್ಕ ಹಾಕಿ, ಧ್ರುವದ ಹಿಮ, ಮಣ್ಣು, ಖನಿಜಗಳಲ್ಲಿ ಉಳಿದಿರುವ, ಕೈಗೆಟುಕುವ ಇಂಗಾಲದ ಡೈಆಕ್ಸೈಡ್ ಅನ್ನೆಲ್ಲ ಬಿಡುಗಡೆ ಮಾಡಿದರೂ ಗ್ರಹ ಬೆಚ್ಚಗಾಗುವಷ್ಟು ಒತ್ತಡ ಸಿಗದು ಎಂದು ತೋರಿಸಿದರು.

ಈ ಸುಳ್ಳುಗಳನ್ನು ದೋಷವೆಂದು ನಾನು ಎಣಿಸುವುದಿಲ್ಲ, ಏಕೆಂದರೆ ಕಾರಣ ಮತ್ತು ಪರಿಣಾಮಗಳ ನಡುವಿನ ಕೋಟ್ಯಂತರ ವರ್ಷಗಳನ್ನು ತೆಗೆದುಹಾಕಿದಾಗ ಮಾತ್ರ ಅವೆರಡರ ನಂಟು ಒಬ್ಬನೇ ಮನುಷ್ಯನ ಕಣ್ಣಿಗೆ ಬೀಳುತ್ತದೆ. ವಿಡಿಯೋ ಗೇಮ್‌ಗಳ ಸೆಳೆತದ ಬಗ್ಗೆ ಮನೋವಿಜ್ಞಾನಿ ರಿಚರ್ಡ್ ರಯಾನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನವು, ನನ್ನಿಂದ ಆಗುತ್ತದೆ ಎಂಬ ಭಾವನೆ ಮತ್ತು ನನ್ನಿಷ್ಟದಂತೆ ಮಾಡುತ್ತಿದ್ದೇನೆ ಎಂಬ ಭಾವನೆ, ಇವೆರಡೂ ಆಟದ ಆನಂದಕ್ಕೆ ಗಟ್ಟಿಯಾಗಿ ಹೆಣೆದುಕೊಂಡಿವೆ ಎಂದಿತು. ಬೇರೆ ಆಟಗಳಲ್ಲಿ ಮೊದಲನೆಯದಕ್ಕೆ ಸಾಕ್ಷಿ ಪರದೆಯ ಮೂಲೆಯ ಅಂಕ. ಇಲ್ಲಾದರೋ ನಿನ್ನೆ ಒಣಗಿದ್ದ ಗುಂಡಿಯಲ್ಲಿ ಇಂದು ನೀರು ನಿಂತಿರುತ್ತದೆ, ತಗ್ಗಿನಲ್ಲಿ ಕಟ್ಟಿದ ಕೋಣೆ ಕೆಲವೊಮ್ಮೆ ಮುಳುಗಿಯೂ ಹೋಗಿರುತ್ತದೆ.

ಆರಾಮದ ಆಟವೆಂದರೆ ಭಯವೇ ಇಲ್ಲದ ಆಟ ಎಂದು ತಿಳಿಯುವವರು ಒಂದನ್ನು ಗಮನಿಸಬೇಕು. ವಾಯುಮಂಡಲ ಉಸಿರಾಡಲು ಯೋಗ್ಯವಾದ ಹಂತದಲ್ಲಿ ಆಮ್ಲಜನಕದ ಚಿಂತೆ ಪೂರ್ತಿ ತೊಲಗುತ್ತದೆ. ಆ ಕ್ಷಣದ ನಿರಾಳಕ್ಕೆ ಸಾಟಿಯಿಲ್ಲ. ಆದರೆ ಅಲ್ಲಿಂದಾಚೆಗೆ ಮೀನು, ಕಪ್ಪೆ, ಪ್ರಾಣಿಗಳು ಬಂದು ಸೇರಿದರೂ ಆಟದ ಬಿಗಿ ಸಡಿಲವಾಗುವುದು ಅನುಭವಕ್ಕೆ ಬರುತ್ತದೆ, ಏಕೆಂದರೆ ಕಳೆಯಬೇಕಾದ ಭಯ ಉಳಿದಿರುವುದಿಲ್ಲ. ಆ ಭಯವನ್ನು ಮತ್ತೆ ಮೊದಲಿನಿಂದ ಕಳೆಯಬೇಕೆನ್ನುವವರಿಗೆ ತಯಾರಕರು ಆಮೇಲೆ ‘ಹಂಬಲ್’ ಎಂಬ ಮತ್ತೊಂದು ಬರಡು ಗ್ರಹವನ್ನು ಆಟಕ್ಕೆ ಸೇರಿಸಿದ್ದಾರೆ.