ಸೆನ್ಸರ್ ಧೂಳು: ಫೋಟೋದಲ್ಲಿ ಮೇಲೆ ಕಂಡ ಕಲೆ ಸೆನ್ಸರ್‌ನಲ್ಲಿ ಎಲ್ಲಿರುತ್ತದೆ?

ಸೆನ್ಸರ್ (ಲೆನ್ಸ್‌ನ ಹಿಂದೆ ಚಿತ್ರ ಹಿಡಿಯುವ ಚಿಪ್) ಮೇಲಿನ ಧೂಳಿನ ಬಗ್ಗೆ ಏನು ಓದಿದರೂ ಶುರುವಾಗುವುದೇ ಸ್ವಾಬ್ (ಒರೆಸುವ ಕಡ್ಡಿ), ಲಿಕ್ವಿಡ್, ಬ್ಲೋವರ್‌ಗಳಿಂದ. ನನಗೆ ತಲೆಗೆ ಹತ್ತದೆ ಉಳಿದದ್ದು ಅದಲ್ಲ. ಲೆನ್ಸ್‌ನ ಅಪರ್ಚರ್ (ಬೆಳಕು ಬರುವ ಕಿಂಡಿ) ಎಫ್/4ರಲ್ಲಿದ್ದಾಗ ಇಲ್ಲದ ಕಲೆ, ಕಿಂಡಿ ಚಿಕ್ಕದಾಗುವ ಎಫ್/16ರಲ್ಲಿ ಎಲ್ಲಿಂದ ಬರುತ್ತದೆ? ಫೋಟೋದ ಮೇಲಿನ ಎಡ ಮೂಲೆಯಲ್ಲಿ ಕಂಡ ಕಲೆಯನ್ನು, ಲೆನ್ಸ್ ಬಿಚ್ಚಿ ಒಳಗೆ ನೋಡುವಾಗ ಯಾವ ಮೂಲೆಯಲ್ಲಿ ಹುಡುಕಬೇಕು? ಈ ಎರಡು ಪ್ರಶ್ನೆಗೇ ಈ ಟಿಪ್ಪಣಿಯ ಹೆಚ್ಚಿನ ಜಾಗ ಹೋಗುತ್ತದೆ. ಕ್ಲೀನಿಂಗ್ ವಿಷಯ ಕೊನೆಯಲ್ಲಿ, ಚುಟುಕಾಗಿ.

ಕಾಣುವುದು ಧೂಳಲ್ಲ, ಅದರ ನೆರಳು

ಧೂಳು ಪಿಕ್ಸೆಲ್‌ಗಳ ಮೇಲೆ ಕೂರುವುದೇ ಇಲ್ಲ. ಅವುಗಳ ಮುಂದೆ ಗಾಜಿನ ಪದರಗಳಿರುತ್ತವೆ: ಇನ್‌ಫ್ರಾರೆಡ್ ತಡೆಯುವ ಫಿಲ್ಟರ್, ಕವರ್ ಗ್ಲಾಸ್, ಕೆಲವು ಕ್ಯಾಮೆರಾಗಳಲ್ಲಿ ಲೋ-ಪಾಸ್ ಫಿಲ್ಟರ್ ಕೂಡ. ಧೂಳು ಬಂದು ಕೂರುವುದು ಎಲ್ಲಕ್ಕಿಂತ ಹೊರಗಿನ ಗಾಜಿನ ಮೇಲೆ. ಅಲ್ಲಿಂದ ಪಿಕ್ಸೆಲ್‌ಗಳಿಗೆ ಒಂದೆರಡು ಮಿಲಿಮೀಟರ್ ಅಂತರ. ಅಂತರ ಇದೆ ಅಂದಮೇಲೆ ಪಿಕ್ಸೆಲ್‌ಗೆ ಕಾಣುವುದು ಧೂಳಲ್ಲ, ಅದರ ನೆರಳು ಮಾತ್ರ. ಇಡೀ ವಿಷಯದ ಕೀಲಿ ಇಲ್ಲೇ ಇದೆ.

ಬಿಸಿಲಲ್ಲಿ ಕೈ ಚಾಚಿದರೆ ನೆಲದ ಮೇಲೆ ಬೆರಳು ಎಣಿಸುವಷ್ಟು ಸ್ಪಷ್ಟ ನೆರಳು ಬೀಳುತ್ತದೆ. ಮೋಡ ಕವಿದರೆ ಅದೇ ಕೈಗೆ ನೆರಳೇ ಇಲ್ಲ. ಕೈ ಬದಲಾಗಲಿಲ್ಲ, ಬೆಳಕು ಬರುವ ಜಾಗ ಅಗಲವಾಯಿತು ಅಷ್ಟೇ. ಅಪರ್ಚರ್ ಪೂರ್ತಿ ತೆರೆದಾಗ ಒಂದೊಂದು ಪಿಕ್ಸೆಲ್‌ಗೂ ಬೆಳಕು ಅಗಲವಾದ ಶಂಕುವಿನಂತೆ ಬರುತ್ತದೆ. ಧೂಳಿನ ಕಣ ಅದರಲ್ಲಿ ಒಂದು ಚೂರನ್ನು ತಡೆದರೆ ಉಳಿದದ್ದು ಸುತ್ತಲಿಂದ ನುಗ್ಗಿ ಬರುತ್ತದೆ. ಎಫ್/22ರಲ್ಲಿ ಶಂಕು ಸೂಜಿಯಷ್ಟು ಸಣ್ಣ. ಅದೇ ಕಣ ಈಗ ದೊಡ್ಡ ಪಾಲನ್ನೇ ತಡೆಯುತ್ತದೆ.

ಲೆಕ್ಕ ಹಾಕಿ ನೋಡಿದ ಮೇಲೆಯೇ ನನಗೆ ಇದು ಗಟ್ಟಿಯಾಗಿ ಕೂತದ್ದು. ಧೂಳು ಇರುವ ಎತ್ತರದಲ್ಲಿ ಶಂಕುವಿನ ಅಗಲ ಎಷ್ಟು? ಅಂತರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಸಾಕು. ಅಂತರ 2 ಮಿ.ಮೀ., ಕಣದ ಅಗಲ 0.05 ಮಿ.ಮೀ. ಎಂದುಕೊಳ್ಳಿ.

ಎಫ್/2.8ರಲ್ಲಿ ಶಂಕುವಿನ ಅಗಲ ಸುಮಾರು 0.71 ಮಿ.ಮೀ. ಕಣ ಅದರ ವಿಸ್ತೀರ್ಣದಲ್ಲಿ ತಡೆಯುವುದು ಶೇ. 0.5 ಮಾತ್ರ. ಕಣ್ಣಿಗೆ ಕಾಣುವ ಮಾತೇ ಇಲ್ಲ. ಎಫ್/16ರಲ್ಲಿ ಅಗಲ 0.125 ಮಿ.ಮೀ., ತಡೆಯುವುದು ಶೇ. 16. ಎಫ್/22ರಲ್ಲಿ ಅಗಲ 0.09 ಮಿ.ಮೀ., ತಡೆಯುವುದು ಶೇ. 30. ಒಂದೇ ಕಣ, ಒಂದೇ ಜಾಗ! ಗಾಜಿನೊಳಗೆ ಬೆಳಕು ಬಾಗುವುದನ್ನು ನಾನು ಇಲ್ಲಿ ಬಿಟ್ಟಿದ್ದೇನೆ. ಅದನ್ನು ಸೇರಿಸಿದರೆ ಅಂಕಿಗಳು ಬದಲಾಗುತ್ತವೆ, ಕತೆ ಬದಲಾಗುವುದಿಲ್ಲ.

ಅಪರ್ಚರ್ ತೆರೆದಾಗ ಧೂಳಿನ ಕಲೆ ಮಾಯವಾಗುವುದಿಲ್ಲ ಅನ್ನುವುದೂ ಇದರಿಂದಲೇ ಗೊತ್ತಾಗುತ್ತದೆ. 24 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ (36×24 ಮಿ.ಮೀ.) ಸೆನ್ಸರ್‌ನಲ್ಲಿ ಒಂದು ಪಿಕ್ಸೆಲ್ ಸುಮಾರು 0.006 ಮಿ.ಮೀ. ಎಫ್/16ರಲ್ಲಿ ಮೇಲಿನ ಕಣದ ನೆರಳು ಸುಮಾರು 30 ಪಿಕ್ಸೆಲ್ ಅಗಲ, ಕಣ್ಣಿಗೆ ಕಾಣುವಷ್ಟು ಬೂದು. ಎಫ್/2.8ರಲ್ಲಿ ಅದೇ ನೆರಳು 125 ಪಿಕ್ಸೆಲ್ ದಾಟಿ ಹರಡಿಕೊಂಡಿರುತ್ತದೆ, ಆದರೆ ತೀರಾ ತೆಳು. ನೀಲಿ ಆಕಾಶದ ಕಾಂಟ್ರಾಸ್ಟ್ ಸಿಕ್ಕಾಪಟ್ಟೆ ಏರಿಸಿದಾಗ ಕೆಲವೊಮ್ಮೆ ಕಾಣುವ ದೊಡ್ಡ ಮಸುಕು ಮಚ್ಚೆಗಳು ಈ ಜಾತಿಯವು.

ಇನ್ನೊಂದು ಗೊಂದಲವೂ ಇಲ್ಲೇ ಬಗೆಹರಿಯುತ್ತದೆ. ಲೆನ್ಸ್‌ನ ಮುಂದಿನ ಗಾಜಿನ ಮೇಲೆ ಧೂಳು ಕಂಡರೆ ಜೀವ ಹೋದಷ್ಟು ಬೇಜಾರಾಗುತ್ತದೆ, ಅಲ್ವಾ? ಅದು ಸೆನ್ಸರ್‌ನಿಂದ ಎಷ್ಟೋ ದೂರ. ಅದರ ನೆರಳು ಇಡೀ ಫ್ರೇಮಿಗೆ ಹರಡಿ ಕರಗಿಹೋಗುತ್ತದೆ. ತೀರಾ ವೈಡ್ ಲೆನ್ಸ್, ಚಿಕ್ಕ ಅಪರ್ಚರ್, ಎದುರು ಬಿಸಿಲು ಮೂರೂ ಸೇರಿದಾಗ ಅದು ತೊಂದರೆ ಕೊಡಬಹುದು. ಆದರೆ ಅಂಚು ಸ್ಪಷ್ಟವಾಗಿರುವ ಚಿಕ್ಕ ಚುಕ್ಕೆ ಕಂಡರೆ ಲೆನ್ಸ್ ಒರೆಸುತ್ತಾ ಕೂರಬೇಡಿ, ಅದು ಸೆನ್ಸರ್ ಕಡೆಯದು.

ಟೆಸ್ಟ್ ಶಾಟ್

ಕ್ಯಾಮೆರಾವನ್ನು ಅಡ್ಡವಾಗಿಯೇ ಹಿಡಿಯಿರಿ (ಯಾಕೆ ಅಂತ ಮುಂದೆ ಹೇಳುತ್ತೇನೆ). ಐಎಸ್‌ಒ 100, ಎಫ್/16 ಅಥವಾ ಎಫ್/22, ಮ್ಯಾನುಯಲ್ ಫೋಕಸ್. ಬಿಳಿ ಗೋಡೆ, ಬಿಳಿ ಸ್ಕ್ರೀನ್, ಖಾಲಿ ಆಕಾಶ ಯಾವುದಾದರೂ ಆದೀತು. ಗೋಡೆ ಹತ್ತಿರದಲ್ಲಿದ್ದರೆ ಫೋಕಸ್ ಇನ್ಫಿನಿಟಿಗೆ, ಆಕಾಶವಾದರೆ ತೀರಾ ಹತ್ತಿರಕ್ಕೆ. ಒಟ್ಟಿನಲ್ಲಿ ಎದುರಿನದು ಮಸುಕಾಗಿರಬೇಕು. ಎಕ್ಸ್‌ಪೋಶರ್ ಒಂದು ಸ್ಟಾಪ್ (ಅಂದರೆ ಬೆಳಕು ಎರಡರಷ್ಟು) ಜಾಸ್ತಿ ಇಡಿ, ಆದರೆ ಬಿಳಿ ಸುಟ್ಟುಹೋಗಬಾರದು. ಶಟರ್ ನಿಧಾನವಾಯಿತು ಅಂತ ಟ್ರೈಪಾಡ್ ಹುಡುಕಬೇಡಿ. ಬೇಕಂತಲೇ ಕ್ಯಾಮೆರಾ ಅಲ್ಲಾಡಿಸಿ. ಗೋಡೆಯ ಗುರುತುಗಳೆಲ್ಲ ಕಲಸಿಹೋಗುತ್ತವೆ, ಧೂಳು ಸೆನ್ಸರ್ ಜೊತೆಗೇ ಅಲ್ಲಾಡುವುದರಿಂದ ಇದ್ದಲ್ಲೇ ಇರುತ್ತದೆ. ನನಗೆ ತುಂಬಾ ಇಷ್ಟವಾದ ಉಪಾಯ ಇದು.

ಕಂಪ್ಯೂಟರ್‌ನಲ್ಲಿ ಕಾಂಟ್ರಾಸ್ಟ್ ಏರಿಸಿ 100% ಜೂಮ್‌ನಲ್ಲಿ ನೋಡಿ. ಅಂಕುಡೊಂಕು ಚುಕ್ಕೆಯಾದರೆ ಒಣ ಧೂಳು. ಬಾಗಿದ ಗೆರೆಯಾದರೆ ಬಟ್ಟೆಯ ಎಳೆ. ದುಂಡಗಿದ್ದು, ಅಂಚಿನಲ್ಲಿ ಉಂಗುರದಂತೆ ಕಂಡರೆ ಎಣ್ಣೆ ಅಥವಾ ಒಣಗಿದ ಹನಿ. ಎಣ್ಣೆ ಕ್ಯಾಮೆರಾದ ಒಳಗಿನ ಚಲಿಸುವ ಭಾಗಗಳಿಂದಲೂ ಸಿಡಿಯಬಹುದು. 2012ರಲ್ಲಿ ಬಂದ ನಿಕಾನ್ ಡಿ600 ಸೆನ್ಸರ್ ಕಲೆಗಳಿಗೇ ಹೆಸರಾಗಿತ್ತು. ಮರುವರ್ಷ ಡಿ610 ಬಂತು, 2014ರಲ್ಲಿ ಕಂಪನಿ ಡಿ600ರ ಶಟರನ್ನೇ ಉಚಿತವಾಗಿ ಬದಲಿಸಿಕೊಡಲು ಒಪ್ಪಿತು. ಇನ್ನು, ಒಂದೇ ಪಿಕ್ಸೆಲ್ ಕೆಂಪಗೋ ನೀಲಿಯಾಗೋ ಹೊಳೆಯುತ್ತಿದ್ದು, ಅಪರ್ಚರ್ ಬದಲಿಸಿದರೂ ಹಾಗೇ ಇದ್ದರೆ ಅದು ಹಾಟ್ ಪಿಕ್ಸೆಲ್, ಅಂದರೆ ಸೆನ್ಸರ್‌ನದೇ ದೋಷ. ಅದನ್ನು ಒರೆಸಲು ಹೋಗಬೇಡಿ. ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್‌ನ ವ್ಯೂಫೈಂಡರ್‌ನಲ್ಲಿ ಮಾತ್ರ ಕಂಡು ಫೋಟೋದಲ್ಲಿ ಕಾಣದ ಕಪ್ಪು ಚುಕ್ಕೆ ಇರುವುದು ಫೋಕಸಿಂಗ್ ಸ್ಕ್ರೀನ್ ಮೇಲೆ. ಸೆನ್ಸರ್‌ಗೂ ಅದಕ್ಕೂ ಸಂಬಂಧವಿಲ್ಲ.

ಮೇಲಿನದು ಕೆಳಗೆ, ಎಡದ್ದು ಎಡಕ್ಕೇ

ಈಗ ನನ್ನನ್ನು ಜಾಸ್ತಿ ಕಾಡಿದ ಹೆಜ್ಜೆ. ಲೆನ್ಸ್ ಚಿತ್ರವನ್ನು ತಲೆಕೆಳಗು ಮಾಡುತ್ತದೆ, ಎಡಬಲವನ್ನೂ ಅದಲುಬದಲು ಮಾಡುತ್ತದೆ ಅಂತ ಶಾಲೆಯಲ್ಲೇ ಓದಿರುತ್ತೇವೆ. ಹಾಗಾದರೆ ಮೇಲಿನ ಎಡ ಮೂಲೆಯ ಕಲೆ ಕೆಳಗಿನ ಬಲ ಮೂಲೆಯಲ್ಲಿ ಇರಬೇಕು ತಾನೆ? ಅಲ್ಲ. ಕೆಳಗಿನ ಎಡ ಮೂಲೆಯಲ್ಲಿ ಇರುತ್ತದೆ.

ನಿಧಾನವಾಗಿ ಬಿಡಿಸೋಣ. ನೀವು ಕ್ಯಾಮೆರಾದ ಹಿಂದೆ ನಿಂತಿದ್ದೀರಿ. ಎದುರಿನ ದೃಶ್ಯದಲ್ಲಿ ಮೇಲೆ ಎಡಕ್ಕೆ ಒಂದು ಹಕ್ಕಿ. ಅದರಿಂದ ಹೊರಟ ಬೆಳಕು ಲೆನ್ಸ್ ದಾಟಿ ಸೆನ್ಸರ್‌ನ ಕೆಳಗಿನ ಬಲ ಮೂಲೆಗೆ ಬೀಳುತ್ತದೆ. ಇಲ್ಲಿಯವರೆಗೆ ಶಾಲೆಯ ಪಾಠ ಸರಿ. ಆದರೆ ಆ "ಬಲ" ಯಾರ ಬಲ? ಹಿಂದೆ ನಿಂತ ನಿಮ್ಮ ಬಲ. ಕ್ಲೀನ್ ಮಾಡುವಾಗ ನೀವು ಹಿಂದೆ ನಿಂತಿರುವುದಿಲ್ಲ. ಮುಂದಿನಿಂದ, ಲೆನ್ಸ್ ಬಿಚ್ಚಿದ ಬಾಯಿಯ ಕಡೆಯಿಂದ ನೋಡುತ್ತಿರುತ್ತೀರಿ. ಎದುರು ಬಂದು ನಿಂತ ಕೂಡಲೇ ನಿಮ್ಮ ಎಡಬಲ ಇನ್ನೊಮ್ಮೆ ಅದಲುಬದಲಾಗುತ್ತದೆ. ಎರಡು ಸಲ ಬದಲಾದದ್ದು ಮೊದಲಿನಂತೆಯೇ ಆಯಿತು. ಮೇಲೆ-ಕೆಳಗೆ ಮಾತ್ರ ಒಂದೇ ಸಲ ಬದಲಾಗಿದೆ, ಅದು ಹಾಗೇ ಉಳಿಯುತ್ತದೆ.

ಅಂದರೆ ಕ್ಯಾಮೆರಾ ನೆಟ್ಟಗಿದ್ದು ಮುಂದಿನಿಂದ ನೋಡಿದಾಗ: ಎಡದ ಕಲೆ ಎಡಕ್ಕೇ, ಬಲದ್ದು ಬಲಕ್ಕೇ, ಮೇಲಿನದು ಕೆಳಕ್ಕೆ, ಕೆಳಗಿನದು ಮೇಲಕ್ಕೆ.

ಕ್ಯಾಮೆರಾವನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದಾಗ ಇನ್ನೊಂದು ತಕರಾರು. ಕ್ಯಾಮೆರಾದ ತಲೆ, ಅಂದರೆ ಫ್ಲ್ಯಾಶ್ ಕೂರಿಸುವ ಭಾಗ, ನಿಮ್ಮಿಂದ ಆಚೆಗಿದ್ದರೆ ಮೇಲಿನ ನಿಯಮವೇ. ಆಕಾಶದ ಕಲೆಗಳೆಲ್ಲ ನಿಮ್ಮ ಹೊಟ್ಟೆಯ ಕಡೆಯ ಅಂಚಿನಲ್ಲಿ ಇರುತ್ತವೆ. ತಲೆ ನಿಮ್ಮ ಕಡೆಗೆ ತಿರುಗಿದ್ದರೆ ಎಲ್ಲವೂ ಅರ್ಧ ಸುತ್ತು ತಿರುಗುತ್ತದೆ. ಆಗ ಮೇಲಿನದು ಮೇಲೆಯೇ, ಎಡಬಲ ಮಾತ್ರ ಅದಲುಬದಲು. ಎರಡನ್ನೂ ನೆನಪಿಡುವ ಗೋಜು ಬೇಡ. ತಲೆ ಯಾವಾಗಲೂ ಆಚೆಗೆ ಅಂತ ಅಭ್ಯಾಸ ಮಾಡಿಕೊಂಡರೆ ಸಾಕು. ನನಗಂತೂ ಇನ್ನೂ ಸುಲಭವಾದದ್ದು ಹೀಗೆ: ಟೆಸ್ಟ್ ಶಾಟ್ ಅನ್ನು ಎಡಿಟರ್‌ನಲ್ಲಿ ವರ್ಟಿಕಲ್ ಫ್ಲಿಪ್ ಮಾಡಿ, ಆ ಚಿತ್ರವನ್ನೇ ಪಕ್ಕದಲ್ಲಿ ತೆರೆದಿಟ್ಟುಕೊಳ್ಳುವುದು. ಅದೇ ಸೆನ್ಸರ್‌ನ ನಕ್ಷೆ. ರೊಟೇಟ್ 180 ಒತ್ತಬೇಡಿ, ಅದು ಎಡಬಲವನ್ನೂ ಬದಲಿಸಿಬಿಡುತ್ತದೆ.

ಟೆಸ್ಟ್ ಶಾಟ್ ಅಡ್ಡವಾಗಿಯೇ ಇರಬೇಕು ಅಂದದ್ದು ಇದಕ್ಕೇ. ಉದ್ದುದ್ದ ಹಿಡಿದು ತೆಗೆದ ಫೋಟೋವನ್ನು ಸಾಫ್ಟ್‌ವೇರ್ ತಾನೇ ನಿಲ್ಲಿಸಿ ತೋರಿಸುತ್ತದೆ. ಆಗ ಈ ಲೆಕ್ಕದ ಜೊತೆ ಕಾಲು ಸುತ್ತೂ ಸೇರಿ ತಲೆ ಕೆಡುತ್ತದೆ.

ತೆಗೆಯುವುದು

ಮೊದಲು ಕ್ಯಾಮೆರಾದ ಸ್ವಂತ ಕ್ಲೀನಿಂಗ್. 2003ರ ಒಲಿಂಪಸ್ ಇ-1ರಿಂದ ಈ ಸೌಲಭ್ಯ ಇದೆ. ಗಾಜು ಅತಿ ವೇಗವಾಗಿ ಕಂಪಿಸಿ ಧೂಳು ಉದುರಿಸುತ್ತದೆ. ಅಂಟಿಕೊಂಡ ಎಣ್ಣೆಗೆ ಇದು ನಾಟುವುದಿಲ್ಲ.

ಆಮೇಲೆ ರಬ್ಬರ್ ಬ್ಲೋವರ್. ಡಿಎಸ್‌ಎಲ್‌ಆರ್ ಆದರೆ ಬ್ಯಾಟರಿ ಪೂರ್ತಿ ತುಂಬಿಸಿ, ಮೆನುವಿನಲ್ಲಿರುವ ಮ್ಯಾನುಯಲ್ ಕ್ಲೀನಿಂಗ್‌ನಿಂದಲೇ ಕನ್ನಡಿ ಎತ್ತಿಸಬೇಕು. ಬಲ್ಬ್ ಮೋಡ್‌ನಲ್ಲಿ ಗುಂಡಿ ಒತ್ತಿ ಹಿಡಿದು ಒಳಗೆ ಕೈ ಹಾಕುವುದು ಬೇಡ, ಬೆರಳು ಜಾರಿದರೆ ಶಟರ್ ಮುಚ್ಚಿಕೊಳ್ಳುತ್ತದೆ. ಕ್ಯಾಮೆರಾ ಬಾಯಿ ಕೆಳಗೆ ಮಾಡಿ, ಬ್ಲೋವರ್ ತುದಿ ಒಳಗೆ ತಾಗದಂತೆ ಊದಿ. ಡಬ್ಬಿಯಲ್ಲಿ ಬರುವ ಕಂಪ್ರೆಸ್ಡ್ ಏರ್ ಬೇಡವೇ ಬೇಡ. ಅದರ ದ್ರವ ಸಿಡಿದರೆ ಧೂಳಿಗಿಂತ ದೊಡ್ಡ ತಲೆನೋವು. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ.

ಇದಕ್ಕೂ ಬಗ್ಗದಿದ್ದರೆ ಮಾತ್ರ ಒದ್ದೆ ಸ್ವಾಬ್. ಅದರ ಅಗಲ ಸೆನ್ಸರ್‌ನ ಗಿಡ್ಡ ಬದಿಯಷ್ಟಿರಬೇಕು: 36×24 ಮಿ.ಮೀ.ನ ಫುಲ್ ಫ್ರೇಮ್‌ಗೆ 24, ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್‌ಗೆ 16. ಸೆನ್ಸರ್ ಲಿಕ್ವಿಡ್ ಒಂದೆರಡು ಹನಿ ಸಾಕು, ಜಾಸ್ತಿಯಾದರೆ ಒಣಗಿದ ಗೆರೆ ಉಳಿಯುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಎಳೆತ, ಸ್ವಾಬ್ ತಿರುಗಿಸಿ ಇನ್ನೊಂದು ಮುಖದಿಂದ ವಾಪಸ್ ಒಂದು ಎಳೆತ, ಅಷ್ಟೇ. ಬಳಸಿದ ಸ್ವಾಬ್ ಬಿಸಾಡಿ. ಊದದೆ ನೇರವಾಗಿ ಸ್ವಾಬ್ ಎಳೆದರೆ ಗಟ್ಟಿ ಕಣ ಗಾಜಿನ ಮೇಲೆ ಗೀರು ಹಾಕಬಹುದು. ಕೈ ನಡುಕ ಸರಿದೂಗಿಸುವ ಸ್ಟೆಬಿಲೈಸೇಶನ್ ಇರುವ ಸೆನ್ಸರ್ ತೇಲುತ್ತಿರುತ್ತದೆ, ಅದನ್ನು ಒತ್ತಬಾರದು.

ತೆಗೆಯದೆ ಇರುವುದು

ಎಫ್/5.6, ಎಫ್/8ರಲ್ಲೇ ಜಾಸ್ತಿ ತೆಗೆಯುವವರಿಗೆ ನಾಲ್ಕಾರು ಕಣಗಳಿಗೆ ಸ್ವಾಬ್ ಹಿಡಿಯುವ ಅಗತ್ಯ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಸಾಫ್ಟ್‌ವೇರ್‌ನ ಹೀಲ್ (ಸುತ್ತಲಿನ ಭಾಗದಿಂದ ಕಲೆ ಮುಚ್ಚುವ ಸಾಧನ) ಸಾಕು. ಲೈಟ್‌ರೂಮ್‌ನಲ್ಲಿ ವಿಶುವಲೈಜ್ ಸ್ಪಾಟ್ಸ್ ಆನ್ ಮಾಡಿದರೆ ಚಿತ್ರ ಕಪ್ಪು-ಬಿಳಿ ಗೆರೆಗಳಾಗಿ, ಅಡಗಿದ ಕಲೆಗಳೂ ಎದ್ದು ಕಾಣುತ್ತವೆ. ಒಂದು ಫೋಟೋದಲ್ಲಿ ಹೀಲ್ ಮಾಡಿ, ಸಿಂಕ್ ಒತ್ತಿ ಉಳಿದವಕ್ಕೆ ಹಂಚಬಹುದು. ಆಕಾಶಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಮುಖದ ಮೇಲೋ ಕಿಟಕಿಯ ಸರಳಿನ ಮೇಲೋ ಕಲೆ ಬಿದ್ದಿದ್ದರೆ ಒಂದೊಂದನ್ನೂ ಕಣ್ಣಿಟ್ಟು ನೋಡಬೇಕು.

ಸಿಂಕ್ ಮಾಡುವಾಗ ಫೋಟೋಗಳನ್ನು ಲೆನ್ಸ್ ಪ್ರಕಾರ ಬೇರೆ ಬೇರೆ ಗುಂಪು ಮಾಡಿ. ಸೆನ್ಸರ್‌ನ ಅಂಚಿಗೆ ಬೆಳಕು ಓರೆಯಾಗಿ ಬರುತ್ತದೆ, ಹಾಗಾಗಿ ಅಲ್ಲಿನ ಧೂಳಿನ ನೆರಳು ಸ್ವಲ್ಪ ಹೊರಕ್ಕೆ ಸರಿದು ಬೀಳುತ್ತದೆ. ಎಷ್ಟು ಓರೆ ಅನ್ನುವುದು ಲೆನ್ಸ್‌ನಿಂದ ಲೆನ್ಸ್‌ಗೆ ಬೇರೆ. ನಡುವಿನ ಕಲೆಗಳೆಲ್ಲ ಸರಿಯಾಗಿ ಅಳಿಸಿ, ಮೂಲೆಯ ಕಲೆಗಳ ಪಕ್ಕದಲ್ಲಿ ಹೀಲ್ ಗುರುತು ಸುಮ್ನೆ ಕೂತಿದ್ದರೆ ಕಾರಣ ಇದು. ಆ ಗುರುತುಗಳನ್ನು ಹಿಡಿದು ಒಂಚೂರು ಆಚೀಚೆ ಎಳೆದರೆ ಕಲೆ ಹೋಗುತ್ತದೆ.